ಬಾಶೆಟ್ಟಿಹಳ್ಳಿಯಲ್ಲಿ ಕದ್ದ ದೊಡ್ಡಪತ್ರೆ

ಬಸ್ಸು ಹೊರಟಿದೆ, ಇದನ್ನು ಬರೆಯುತ್ತಿರುವ ನನ್ನ ಕೈಯೆಲ್ಲ ದೊಡ್ಡಪತ್ರೆಯ ಘಮ. ಬಾಶೆಟ್ಟಿಹಳ್ಳಿ ಸ್ಟಾಪಿನ ಪಕ್ಕ ಟೀ, ಬಜ್ಜಿ ಅಂಗಡಿ ಇಟ್ಟಿರುವ ನರಸಮ್ಮನವರು ಹಳೆಯ ಪೇಂಟ್ ಡಬ್ಬಿಯಲ್ಲಿ ಅದನ್ನು ಪೊದೆಯಾಗಿ ಬೆಳೆಸಿದ್ದಾರೆ. ಎಲೆ ಕಿತ್ತು ಹಿಟ್ಟಿಗದ್ದಿ ಬಜ್ಜಿ ಬಿಡುತ್ತಾರೆ. ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದ ಹೆಂಗಸರು ಮಕ್ಕಳ ಕೆಮ್ಮಿಗೆಂದು ನಾಲ್ಕೆಲೆ ಕೇಳಿ, ಖಾಲಿ ಟಿಫನ್ ಡಬ್ಬಿಗೆ ಹಾಕಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಮೂರು ಸಲ ನೆಟ್ಟೆ, ಮೂರು ಸಲವೂ ಕೊಳೆಯಿತು ಎಂದೆ.

"ದಿನಾ ನೀರು ಹಾಕಿದ್ರಾ?"

"ಎರಡು ಹೊತ್ತೂ ಹಾಕ್ದೆ."

"ಮುದ್ದು ಮಾಡಿ ಸಾಯ್ಸಿದ್ದೀರ ಕಣಮ್ಮ."

ಒಂದು ಕಡ್ಡಿ ಕೇಳಿದರೆ ಕೊಡಲಿಲ್ಲ. "ಕೇಳಿ ಇಸ್ಕೊಂಡಿದ್ದು ಹತ್ತಲ್ಲ, ಕದ್ದಿದ್ದೇ ಚಿಗುರೋದು," ಎಂದು ಬೆನ್ನು ತಿರುಗಿಸಿ ಲೋಟ ತೊಳೆಯತೊಡಗಿದರು.

ಸೀಬೆಕಾಯಿ ಕದ್ದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಟೀಚರ್ ನಾನು. ಪಕ್ಕದಲ್ಲಿದ್ದ ಹೆಂಗಸು ಪಿಸುಗುಟ್ಟಿದಳು, "ಬೇಗ ಮುರೀರಿ ಮೇಡಂ, ತಿರುಗ್ಬಿಡ್ತಾರೆ."

ಮುರಿದೆ, ಓಡಿದೆ, ಬಸ್ಸು ಹತ್ತಿದೆ. ಕಿಟಕಿಯಿಂದ ಕಡ್ಡಿಯನ್ನು ಬಾವುಟದಂತೆ ಎತ್ತಿ ಹಿಡಿದೆ.

ನರಸಮ್ಮನವರು ತಿರುಗದೆಯೇ ಊರಿಗೆಲ್ಲ ಕೇಳುವಂತೆ ಕೂಗಿದರು:

"ಕದ್ದೋರು ಯಾರೋ ನಂಗೊತ್ತಿಲ್ಲ, ಮಣ್ಣು ಒಣಗೋ ತನಕ ನೀರು ಹಾಕ್ಬೇಡ್ರಪ್ಪಾ."