ಕ್ಲಾರೆನ್ಸ್ ಮಾಸ್ಟ್ರು ತಾಸೆ ಕೊಂಡದ್ದು

ಕಾಪುವಿನ ಕ್ಲಾರೆನ್ಸನ ಹತ್ತಿರ ಇಪ್ಪತ್ತೈದರ ಪ್ರಾಯದಲ್ಲಿ ಒಂದು ಹಳೆಯ ಕೀಬೋರ್ಡ್ ಇತ್ತು. ಅದರ ಎರಡು ಕೀಗಳು ಸತ್ತಿದ್ದವು. ಅವೆರಡನ್ನು ಹಾರಿಕೊಂಡು ನುಡಿಸುವುದು ಅವನ ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಒಳ್ಳೆಯ ಕೀಬೋರ್ಡ್ ಕೊಟ್ಟರೂ ಆ ಜಾಗದಲ್ಲಿ ಬೆರಳು ತಾನಾಗಿ ಜಿಗಿಯುತ್ತಿತ್ತು. ಶಿರ್ವದಿಂದ ಹೆಜಮಾಡಿಯವರೆಗೆ ಯಾವ ಕ್ರಿಶ್ಚಿಯನ್ ಮನೆಯಲ್ಲಿ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ಇದ್ದರೂ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಹೊತ್ತಿಗೆ ಮೂಲೆಯಲ್ಲಿ ಕ್ಲಾರೆನ್ಸ್ ಇರಲೇಬೇಕು. ಅವನು ನುಡಿಸಿದರೆ ಮದುಮಗಳ ತಾಯಿ ಅಳುತ್ತಿದ್ದಳು. ಕೆಲವು ಕಡೆ ಯಾವ ಸಂಬಂಧವೂ ಇಲ್ಲದ ಅಡುಗೆಯವರೂ ಅತ್ತದ್ದುಂಟು.

ಮೂವತ್ತನಾಲ್ಕರಲ್ಲಿ ಅವನು ಕಂಪ್ಯೂಟರ್ ಕೊಂಡ. ಅಲ್ಲಿಗೆ ನುಡಿಸುವುದು ನಿಂತು ಆರಿಸುವುದು ಶುರುವಾಯಿತು.

ಕಂಪ್ಯೂಟರಿನೊಳಗೇ ಸಂಗೀತ ಮಾಡಲು ಎರಡು ಬಗೆಯ ಸಾಫ್ಟ್‌ವೇರ್ ಬೇಕು ಎಂದು ಅವನು ಯಾರು ಕೇಳಿದರೂ, ಕೇಳದಿದ್ದರೂ ವಿವರಿಸುತ್ತಿದ್ದ. ಒಂದು ಸಿಂಥಸೈಸರ್: ಅದು ಇಲ್ಲದ ನಾದವನ್ನು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಇನ್ನೊಂದು ಸ್ಯಾಂಪ್ಲರ್: ಯಾರೋ ಎಲ್ಲೋ ನುಡಿಸಿ ಧ್ವನಿಮುದ್ರಿಸಿದ ನಾದವನ್ನು ನಾವು ಕೀ ಒತ್ತಿದಾಗ ನುಡಿಸಿ ಕೊಡುತ್ತದೆ. ಎರಡರಲ್ಲೂ ಸಾವಿರ ಜಾತಿ. ಒಳ್ಳೆಯದನ್ನು ಆರಿಸಿಕೊಂಡ ಮೇಲೆಯೇ ಹಾಡು ಮಾಡುವುದು ಎಂದು ಕ್ಲಾರೆನ್ಸ್ ತೀರ್ಮಾನಿಸಿದ. ತೀರ್ಮಾನಕ್ಕೆ ಈಗ ಎಂಟು ವರ್ಷ.

ಹದಿನಾಲ್ಕು ದಿನ ಪುಕ್ಕಟೆ ಬಳಸಿ ನೋಡಬಹುದಾದ ಸಾಫ್ಟ್‌ವೇರುಗಳನ್ನು ಅವನು ಒಂದೊಂದಾಗಿ ಇಳಿಸಿಕೊಂಡ. ಹದಿನೈದನೆಯ ದಿನ ಹೊಸ ಇಮೇಲ್ ವಿಳಾಸ ಬೇಕಾಗುತ್ತಿತ್ತು. ಮೊದಲು ಹೆಂಡತಿ ಡೈನಾಳ ಹೆಸರು, ಆಮೇಲೆ ಅತ್ತೆಯ ಹೆಸರು, ಕಡೆಗೆ ತೀರಿಹೋದ ಅಜ್ಜ ಅಲೆಕ್ಸಾಂಡರರ ಹೆಸರು. ಅಜ್ಜನಿಗೆ ಇವತ್ತಿಗೂ ಸ್ವೀಡನ್ನಿನ ಕಂಪನಿಯಿಂದ ಕ್ರಿಸ್ಮಸ್ ರಿಯಾಯಿತಿಯ ಪತ್ರ ಬರುತ್ತದೆ. ಬದುಕಿದ್ದಾಗ ಅವರಿಗೆ ಸ್ವಂತ ಮಕ್ಕಳೂ ಅಷ್ಟು ಪತ್ರ ಬರೆದಿರಲಿಲ್ಲ.

ಇಂಥವರದೇ ಒಂದು ವಾಟ್ಸಾಪ್ ಗುಂಪೂ ಇತ್ತು: ಮಣಿಪಾಲದ ದಂತವೈದ್ಯರು, ಕಾಲೇಜು ಹುಡುಗರು, ಗಲ್ಫಿನಿಂದ ರಜೆಯಲ್ಲಿ ಬಂದವರು, ಒಟ್ಟು ನೂರ ನಲವತ್ತು ಮಂದಿ. ಒಮ್ಮೆ ಹಿರಿಯಡ್ಕದ ಹಾರ್ಡ್‌ವೇರ್ ಅಂಗಡಿಯವನೊಬ್ಬ ತಾನೇ ಮಾಡಿದ ಹಾಡನ್ನು ಅದರಲ್ಲಿ ಹಾಕಿದ. ಯಾವ ಸ್ಯಾಂಪ್ಲರ್, ಎಷ್ಟನೆಯ ಆವೃತ್ತಿ ಎಂದು ಅರುವತ್ತು ಮಂದಿ ಕೇಳಿದರು. ಹಾಡನ್ನು ಕೇಳಿದವರು ಯಾರೂ ಇರಲಿಲ್ಲ. ಆ ಗುಂಪಿನಲ್ಲಿ ಕ್ಲಾರೆನ್ಸನ ಮಾತೇ ಕೊನೆಯ ಮಾತು. ಅವನು 'ಅದರ ಬೇಸ್ ಸ್ವಲ್ಪ ಪೊಳ್ಳು' ಎಂದು ಬರೆದರೆ ಸಾಕು, ಆ ಸಾಫ್ಟ್‌ವೇರನ್ನು ಜಿಲ್ಲೆಯಲ್ಲಿ ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ.

ಡೈನಾ ಕಟಪಾಡಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮಕ್ಕಳ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಆಕೆಗೆ ಕಡಿಮೆ ಮಾತಿನಲ್ಲಿ ಅಂಕ ಕಳೆಯುವುದು ಅಭ್ಯಾಸವಾಗಿತ್ತು. ಗಂಡ ಹೊಸ ಪಿಯಾನೋ ಸಾಫ್ಟ್‌ವೇರ್ ಕೊಂಡ ದಿನ ಆಕೆ ಕೇಳಿದ್ದು ಇಷ್ಟೇ: "ಇದು ಒಂಬತ್ತನೇ ಪಿಯಾನೋ. ಕೈ ಇರುವುದು ಎರಡೇ ಅಲ್ವಾ?"

ಮಕ್ಕಳಿಗೆ ಕೀಬೋರ್ಡ್ ಕಲಿಸಿ ಕ್ಲಾರೆನ್ಸ್ ಸಂಪಾದಿಸುತ್ತಿದ್ದ. ಮನೆಯ ಮಾಳಿಗೆಯ ಕೋಣೆಗೆ ಸ್ಪಂಜು ಬಡಿಸಿ, ಏಸಿ ಹಾಕಿಸಿ, ಸ್ಟುಡಿಯೋ ಎಂದು ಬೋರ್ಡ್ ತೂಗುಹಾಕಿದ್ದ. ಬೋರ್ಡ್ ನೋಡಿ ನಿಜವಾಗಿ ಕೆಲಸ ತಂದವಳು ಕಾರ್ಕಳದ ಚೈತಾಲಿ.

ಚೈತಾಲಿ ಕಾರ್ಕಳದಲ್ಲಿ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುತ್ತಿದ್ದಳು. ಅಕ್ಟೋಬರಿನಲ್ಲಿ ಮಣಿಪಾಲದಲ್ಲಿ ನಡೆಯುವ ನೃತ್ಯೋತ್ಸವಕ್ಕೆ ಅವಳ ತಂಡ ಆಯ್ಕೆಯಾಗಿತ್ತು. ಹುಡುಗಿಯರೇ ಹುಲಿವೇಷ ಕುಣಿಯುವ ಹನ್ನೆರಡು ನಿಮಿಷದ ನೃತ್ಯ. ಅದಕ್ಕೆ ಸಂಗೀತ ಬೇಕು. ಜೂನ್ ಮೊದಲ ವಾರದಲ್ಲಿ ಬಂದು ಅವಳು ತನಗೆ ಬೇಕಾದ್ದನ್ನು ಸರಳವಾಗಿ ಹೇಳಿದಳು: ಹಿನ್ನೆಲೆಗೆ ಏನು ಬೇಕಾದರೂ ಹಾಕಬಹುದು, ತಾಸೆ ಮಾತ್ರ ನಿಜವಾದ್ದಾಗಿರಬೇಕು. ಸೊಂಟದ ಮುಂದೆ ಕಟ್ಟಿಕೊಂಡು ಎರಡು ಸಪೂರ ಕೋಲಿನಲ್ಲಿ ಬಾರಿಸುವ ಆ ಸಣ್ಣ ವಾದ್ಯ ಕಿವಿಗೆ ಬಿದ್ದರೆ ಉಡುಪಿಯ ಕಡೆಯವರ ಕಾಲು ಸುಮ್ಮನಿರುವುದಿಲ್ಲ. ಕಾಪು ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ರಿಪೇರಿ ಮಾಡುವ ಶೇಖರಣ್ಣನಷ್ಟು ಚೆನ್ನಾಗಿ ಅದನ್ನು ಬಾರಿಸುವವರು ಇಲ್ಲವೆಂದೂ, ಅವರ ಹತ್ತಿರ ತಾನು ಮಾತಾಡಿ ಆಗಿದೆಯೆಂದೂ ಚೈತಾಲಿ ಹೇಳಿದಳು. ಕ್ಲಾರೆನ್ಸ್ ಒಪ್ಪಿದ. ಒಪ್ಪದಿದ್ದರೆ ಕೆಲಸ ಹೋಗುತ್ತಿತ್ತು.

ಕೊಡೆ ರಿಪೇರಿಯವರಿಗೆ ಜೂನ್ ಎಂದರೆ ತಲೆ ಎತ್ತಲು ಪುರುಸೊತ್ತಿಲ್ಲದ ಕಾಲ. ಆದರೂ ಶೇಖರಣ್ಣ ಅರ್ಧ ದಿನ ಗೂಡಂಗಡಿ ಮುಚ್ಚಿ, ತಾಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಳಿಗೆ ಹತ್ತಿ ಬಂದರು. ಬಂದವರೇ ಸ್ವಲ್ಪ ಬೆಂಕಿ ಬೇಕೆಂದರು. ಮಳೆಗಾಲದಲ್ಲಿ ಚರ್ಮ ತಂಪು ಹಿಡಿದಿರುತ್ತದೆ, ಕಾಯಿಸಿದರೆ ಮಾತ್ರ ಬಿಗಿಯಾಗಿ ಮಾತಾಡುತ್ತದೆ. ಗೋಡೆಗೆಲ್ಲ ಸ್ಪಂಜು ಬಡಿಸಿದ ಕೋಣೆಯಲ್ಲಿ ಬೆಂಕಿಯೇ ಎಂದು ಕ್ಲಾರೆನ್ಸ್ ಹೌಹಾರಿದ. ಹಾಗಾದರೆ ಅಂಗಳದಲ್ಲಿ ಕಾಯಿಸಿ ತರುತ್ತೇನೆಂದರೆ, ಹೊಗೆಯ ವಾಸನೆಯಿಂದ ಮೈಕಿಗೆ ತೊಂದರೆ ಎಂದ. ಮೈಕಿಗೆ ಮೂಗುಂಟೆಂದು ಶೇಖರಣ್ಣನಿಗೆ ಗೊತ್ತಿರಲಿಲ್ಲ. ಏಸಿಯ ತಣ್ಣನೆಯ ಗಾಳಿಯಲ್ಲಿ ಅವರು ಹಾಗೆಯೇ ಬಾರಿಸಿದರು. ತಾಸೆ ನೆನೆದ ಗೋಣಿಚೀಲಕ್ಕೆ ಬಡಿದ ಹಾಗೆ ದಬದಬ ಎಂದಿತು.

"ಟೋನ್ ಇಲ್ಲ ಶೇಖರಣ್ಣ," ಎಂದ ಕ್ಲಾರೆನ್ಸ್, ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ. ಚಹಾ ಕುಡಿಸಿ ಕಳುಹಿಸಿಕೊಟ್ಟ. ಶೇಖರಣ್ಣ ಮೆಟ್ಟಿಲಿಳಿಯುವಾಗ ಡೈನಾಳ ಮುರಿದ ಕೊಡೆಯೊಂದನ್ನು ಕಂಡು ಕಡ್ಡಿ ಸರಿಮಾಡಿ ಕೊಟ್ಟು ಹೋದರು.

ಇನ್ನು ತಾಸೆಯನ್ನು ಸ್ಯಾಂಪ್ಲರಿನಲ್ಲೇ ಹುಡುಕುವುದು ಎಂದಾಯಿತು. ಕ್ಲಾರೆನ್ಸ್ ಒಂದು ತಖ್ತೆ ಮಾಡಿದ. ಅದಕ್ಕೆ ಇಪ್ಪತ್ತೇಳು ಕಾಲಮ್ಮು. ಒಂದು ಪೆಟ್ಟನ್ನು ಎಷ್ಟು ಬಗೆಯ ಬಲದಲ್ಲಿ ಧ್ವನಿಮುದ್ರಿಸಿದ್ದಾರೆ, ಎಷ್ಟು ಮೈಕು, ಕಂಪ್ಯೂಟರಿನಲ್ಲಿ ಎಷ್ಟು ಜಾಗ ತಿನ್ನುತ್ತದೆ, ಕಂಪನಿಯ ಜನ ಪತ್ರಕ್ಕೆ ಎಷ್ಟು ದಿನದಲ್ಲಿ ಉತ್ತರ ಕೊಡುತ್ತಾರೆ. ಕೇಳಲು ಹೇಗಿದೆ ಎಂಬ ಕಾಲಮ್ಮು ಇರಲಿಲ್ಲ. ಅದು ವೈಯಕ್ತಿಕ ಅಭಿಪ್ರಾಯವಾಗುತ್ತದಂತೆ. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ಚೈತಾಲಿ ಫೋನ್ ಮಾಡಿದಾಗಲೆಲ್ಲ ಅಡಿಪಾಯದ ಕೆಲಸ ನಡೆಯುತ್ತಿದೆ ಎಂಬ ಉತ್ತರ ಸಿಗುತ್ತಿತ್ತು.

ಕೃಷ್ಣಾಷ್ಟಮಿ ಬಂತು. ಎರಡು ದಿನ ಊರಿಡೀ ಹುಲಿಗಳು. ಶೇಖರಣ್ಣನ ತಂಡ ಕ್ಲಾರೆನ್ಸನ ಮನೆಯ ಎದುರಿನ ರಸ್ತೆಯಲ್ಲೇ ಮುಕ್ಕಾಲು ಗಂಟೆ ನಿಂತು ಕುಣಿಯಿತು. ಬಿಸಿಲಿಗೆ ಕಾದ ತಾಸೆ ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು. ಮೇಲೆ ಕ್ಲಾರೆನ್ಸ್ ಜರ್ಮನಿಯ ಒಂದು ತಾಸೆಯನ್ನೂ ಸ್ವೀಡನ್ನಿನ ಒಂದು ತಾಸೆಯನ್ನೂ ಹೋಲಿಸುತ್ತಿದ್ದ. ಹೊರಗಿನ ಗಲಾಟೆಗೆ ಏನೂ ಕೇಳುವುದಿಲ್ಲವೆಂದು ಎದ್ದು ಕಿಟಕಿ ಮುಚ್ಚಿದ.

ಸೆಪ್ಟೆಂಬರಿನಲ್ಲಿ ಆಯ್ಕೆ ಮುಗಿಯಿತು. ಯುರೋಪಿನ ಒಂದು ಚಳಿಯೂರಿನ ಕಂಪನಿಯ ಸ್ಯಾಂಪ್ಲರ್. ಜತೆಗೆ 'ಹುಲಿ ನಗಾರಿಗಳು' ಎಂಬ ಧ್ವನಿಗಳ ಕಟ್ಟು. ಭಾರತದ ದುರ್ಗಮ ಕಾಡಿನ ಹಳ್ಳಿಯೊಂದರಲ್ಲಿ, ಹೊರಜಗತ್ತು ಕಾಣದ ಬುಡಕಟ್ಟಿನ ಗುರುಗಳಿಂದ ಬಾರಿಸಿ ಧ್ವನಿಮುದ್ರಿಸಿದ್ದು ಎಂದು ಅದರ ವಿವರಣೆಯಲ್ಲಿತ್ತು. ಮೊದಲ ಕೀ ಒತ್ತಿದಾಗ ಕ್ಲಾರೆನ್ಸನ ರೋಮ ನಿಂತಿತು. ನಿಜಕ್ಕೂ ಚೆನ್ನಾಗಿತ್ತು. ಹದವಾಗಿ ಕಾದ ಚರ್ಮ, ಚುರುಕಾದ ಕೋಲು. ಅವನೊಳಗಿನ ಹಳೆಯ ರೋಸ್ ಮನೆಯ ಕ್ಲಾರೆನ್ಸ್ ಎದ್ದು ಕುಳಿತು, ಎಂಟು ವರ್ಷದಲ್ಲಿ ಮೊದಲ ಬಾರಿಗೆ ಮೂರೇ ದಿನದಲ್ಲಿ ಹನ್ನೆರಡು ನಿಮಿಷದ ಸಂಗೀತ ಮಾಡಿ ಮುಗಿಸಿದ. ಮುಗಿಸಿದ ಮೇಲೆ ಗುಂಪಿಗೆ ದೊಡ್ಡ ಸಂದೇಶ ಬರೆದ: ನಮ್ಮ ತಾಸೆಯ ಆತ್ಮ ಹಿಡಿಯಲು ಯುರೋಪಿನವರೇ ಬರಬೇಕಾಯಿತು. ನೂರ ನಲವತ್ತು ಮಂದಿ ಹೆಬ್ಬೆರಳು ಎತ್ತಿದರು.

ಕಾರ್ಕಳದ ಸಭಾಂಗಣದಲ್ಲಿ ದೊಡ್ಡ ಸ್ಪೀಕರುಗಳಲ್ಲಿ ಹಾಕಿ ಅಭ್ಯಾಸ ಶುರುವಾಯಿತು. ನಾಲ್ಕನೆಯ ನಿಮಿಷದಲ್ಲಿ ತಾಸೆಯ ಜೋರಾದ ಒಂದು ಪೆಟ್ಟು ಬಿದ್ದು ಎಲ್ಲ ನಿಶ್ಶಬ್ದವಾಗಬೇಕು, ಹುಲಿಗಳು ಉಸಿರು ಬಿಗಿಹಿಡಿದು ನಿಲ್ಲಬೇಕು. ಪೆಟ್ಟು ಬಿತ್ತು. ಹುಡುಗಿಯರು ನಿಂತರು. ನಿಂತವರು ನಗತೊಡಗಿದರು. ಚೈತಾಲಿ ಮತ್ತೆ ಹಾಕಿಸಿದಳು. ಮತ್ತೆ ನಗು. ಪೆಟ್ಟು ಆರುವಾಗ ಅದರ ಬಾಲದಲ್ಲಿ ಯಾರೋ ಏನೋ ಹೇಳುತ್ತಾರೆ ಎಂದಳು ಒಬ್ಬಳು.

ಕ್ಲಾರೆನ್ಸ್ ಆ ಪೆಟ್ಟೊಂದನ್ನೇ ಬಿಡಿಸಿ, ಧ್ವನಿ ಏರಿಸಿ ಹಾಕಿದ. ದೂರದಲ್ಲಿ ಒಂದು ಗಂಡು ಧ್ವನಿ ನಿಧಾನವಾಗಿ, ಮರ್ಯಾದೆಯಿಂದ ಕೇಳುತ್ತಿತ್ತು: "ಯಾವಾ? ಚಾ ಪರ್ಪರಾ?"

"ಸ್ವೀಡಿಷ್ ಇರಬಹುದು," ಎಂದ ಕ್ಲಾರೆನ್ಸ್.

"ತುಳು, ಸರ್," ಎಂದಳು ಚೈತಾಲಿ. "ಸಾಕಾ, ಚಹಾ ಕುಡಿಯುತ್ತೀರಾ ಅಂತ ಕೇಳುತ್ತಿದ್ದಾರೆ. ಆ ಸ್ವರ ಯಾರದ್ದು ಅಂತ ನಿಮಗೆ ಗೊತ್ತಾಗಲಿಲ್ವಾ?"

ಅವನು ಇನ್ನೂ ಸ್ವಲ್ಪ ಏರಿಸಿದ. ಆ ದುರ್ಗಮ ಕಾಡಿನಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆಯಿತು. ಕಂಡಕ್ಟರ್ ಉಡುಪಿ, ಉಡುಪಿ ಎಂದು ಕೂಗಿ ಸೀಟಿ ಊದಿದ. ಮೂರು ತಿಂಗಳು ಹೆಡ್‌ಫೋನ್ ಕಿವಿಗೇ ಹಾಕಿಕೊಂಡಿದ್ದರೂ ಅವನು ಪರದೆಯ ಗೆರೆಗಳನ್ನೇ ನೋಡುತ್ತಿದ್ದ. ಗೆರೆಗಳಲ್ಲಿ ತುಳು ಕಾಣುವುದಿಲ್ಲ.

ಮಾರನೆಯ ಬೆಳಿಗ್ಗೆ ಕ್ಲಾರೆನ್ಸ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಗೂಡಂಗಡಿಗೆ ಹೋದ. ಶೇಖರಣ್ಣ ಶಾಲೆಯ ಬ್ಯಾಗೊಂದಕ್ಕೆ ಜಿಪ್ ಹೊಲಿಯುತ್ತಿದ್ದರು. ಧ್ವನಿ ಕೇಳಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಏಳು ವರ್ಷದ ಹಿಂದೆ ಮಣಿಪಾಲದಲ್ಲಿ ಉಳಿದುಕೊಂಡಿದ್ದ ಒಬ್ಬ ಬಿಳಿಯ ಬಂದಿದ್ದನಂತೆ. ತಾಸೆ ಕಲಿಯಲು ಬಂದವನೆಂದು ಇವರು ತಿಳಿದರೆ, ಅವನಿಗೆ ಬೇಕಾದದ್ದು ಒಂದೇ ಪೆಟ್ಟು. ಮೆಲ್ಲಗೆ ಒಮ್ಮೆ, ಸ್ವಲ್ಪ ಜೋರಾಗಿ ಒಮ್ಮೆ, ಇನ್ನೂ ಜೋರಾಗಿ ಒಮ್ಮೆ. ಹೀಗೆ ಹೆದ್ದಾರಿ ಬದಿಯ ಮನೆಯ ಹಿಂದೆ ಬೆಂಕಿ ಹಾಕಿ ಕಾಯಿಸಿ ಕಾಯಿಸಿ ಬೆಳಗಿನಿಂದ ಮೂರು ಗಂಟೆಯ ತನಕ. ಒಂದೊಂದೇ ಪೆಟ್ಟು ಹೊಡೆಸಿಕೊಂಡು ಸುಮ್ಮನೆ ಕುಳಿತಿರುವವನನ್ನು ಕಂಡು, ಪಾಪ, ತಲೆಗೆ ಏನೋ ಆಗಿರಬೇಕು ಎಂದು ಶೇಖರಣ್ಣನ ಹೆಂಡತಿ ಸುಗಂಧಿ ಅವನಿಗೆ ಕೋರಿ ರೊಟ್ಟಿ ಮಾಡಿ ಬಡಿಸಿದ್ದಳು. ಹೋಗುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಒಂದು ಟೊಪ್ಪಿ ಕೊಟ್ಟು ಹೋದನಂತೆ.

ಇದು ಅನ್ಯಾಯ, ಕೇಸು ಹಾಕಬೇಕು, ನಮ್ಮ ಕಲೆಯನ್ನು ದೋಚಿದ್ದಾರೆ ಎಂದೆಲ್ಲ ಕ್ಲಾರೆನ್ಸ್ ಏರಿದ ದನಿಯಲ್ಲಿ ಹೇಳಿದ. ಶೇಖರಣ್ಣ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು.

"ಇದನ್ನು ನೀವು ದುಡ್ಡು ಕೊಟ್ಟು ತಗೊಂಡದ್ದಾ ಮಾಸ್ಟ್ರೇ?"

"ಹೌದು."

"ನಾನು ನಿಮ್ಮ ಮನೆಗೇ ಬಂದಿದ್ದೆ."

ಅದರಲ್ಲಿ ಸಿಟ್ಟು ಇರಲಿಲ್ಲ. ಕ್ಲಾರೆನ್ಸ್ ಲ್ಯಾಪ್‌ಟಾಪ್ ಮಡಚಿ, ಯಾವುದೋ ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ಬಸ್ಸು ಹತ್ತದೆ ನಡೆದುಕೊಂಡೇ ಮನೆಗೆ ಬಂದ.

ಉತ್ಸವದ ದಿನ ಚೈತಾಲಿ ಶೇಖರಣ್ಣನನ್ನೇ ವೇದಿಕೆಗೆ ಕರೆಸಿದಳು. ಸಭಾಂಗಣದ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ಕಾವಲುಗಾರನ ಅನುಮತಿ ಪಡೆದು ತೆಂಗಿನಗರಿಯ ಬೆಂಕಿ ಹಾಕಿ ತಾಸೆ ಕಾಯಿಸಿದರು. ಹಿನ್ನೆಲೆಯ ಉಳಿದ ಸಂಗೀತ ಕ್ಲಾರೆನ್ಸನದೇ ಇತ್ತು. ವೇದಿಕೆಯ ಬದಿಯಲ್ಲಿ ಕುಳಿತು ಅದನ್ನು ಅವನೇ ಕೀಬೋರ್ಡಿನಲ್ಲಿ ನುಡಿಸಬೇಕಾಯಿತು, ಯಾಕೆಂದರೆ ಶೇಖರಣ್ಣನ ವೇಗ ಕಂಪ್ಯೂಟರಿನ ವೇಗಕ್ಕೆ ಕೂಡುತ್ತಿರಲಿಲ್ಲ. ಹುಡುಗಿಯರ ಕಾಲು ನೋಡಿ ಅವರು ಏರಿಸುತ್ತಿದ್ದರು, ಇಳಿಸುತ್ತಿದ್ದರು. ಕ್ಲಾರೆನ್ಸ್ ಬೆವರು ಒರೆಸಲೂ ಪುರುಸೊತ್ತಿಲ್ಲದೆ ಹಿಂದೆ ಹಿಂದೆ ಓಡಿದ. ಎರಡು ಕಡೆ ತಪ್ಪಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಡೈನಾ ಕೂಡ ನಿಂತಳು, ಅದನ್ನು ಅವನು ಕಂಡ. ಗುಂಪಿನ ಒಬ್ಬ ದಂತವೈದ್ಯರು ಓಡಿಬಂದು, ತಾಸೆಗೆ ಯಾವ ಸ್ಯಾಂಪ್ಲರ್ ಬಳಸಿದಿರಿ ಎಂದು ವಿಚಾರಿಸಿದರು. ಅವರು ಮೊದಲ ಸಾಲಿನಲ್ಲೇ ಕುಳಿತಿದ್ದರು.

ಕ್ಲಾರೆನ್ಸ್ ಕಂಪನಿಗೆ ಉದ್ದದ ಪತ್ರ ಬರೆದ. ಬಾರಿಸಿದವರ ಹೆಸರು ಶೇಖರ, ಊರು ಕಾಪು, ಅಲ್ಲಿ ಕಾಡಿಲ್ಲ, ರಾಷ್ಟ್ರೀಯ ಹೆದ್ದಾರಿ ಉಂಟು. ಹೆಸರು ಹಾಕಿ, ಅವರ ಪಾಲು ಕೊಡಿ. ಎರಡೇ ದಿನದಲ್ಲಿ ಉತ್ತರ ಬಂತು. ತಖ್ತೆಯ ಆ ಕಾಲಮ್ಮಿನಲ್ಲಿ ಕಂಪನಿಗೆ ಪೂರ್ಣ ಅಂಕ. ದೋಷ ತಿಳಿಸಿದ್ದಕ್ಕೆ ಅವರು ತುಂಬಾ ಕೃತಜ್ಞರಾಗಿದ್ದರು. ದಾಖಲೆಗಳೆಲ್ಲ ಸಹಿಯೊಂದಿಗೆ ಸರಿಯಾಗಿವೆ. ಧ್ವನಿಯೊಳಗೆ ಸೇರಿಕೊಂಡ ಅನಗತ್ಯ ಮಾತನ್ನು ಹೊಸ ಆವೃತ್ತಿಯಲ್ಲಿ ಅಳಿಸಲಾಗುವುದು. ಗ್ರಾಹಕರಿಗೆ ಆದ ಅಡಚಣೆಗಾಗಿ ಮುಂದಿನ ಖರೀದಿಗೆ ಶೇಕಡಾ ಇಪ್ಪತ್ತರ ರಿಯಾಯಿತಿ, ಭಾನುವಾರದ ಒಳಗೆ ಬಳಸತಕ್ಕದ್ದು.

ಪತ್ರವನ್ನು ಕ್ಲಾರೆನ್ಸ್ ಡೈನಾಳಿಗೆ ಓದಿ ಹೇಳಿದ. ಶೇಖರಣ್ಣನಿಗೂ ಕನ್ನಡದಲ್ಲಿ ಓದಿ ಹೇಳಿದ. ಅವರು ಅನಗತ್ಯ ಮಾತು ಎಂಬಲ್ಲಿ ನಕ್ಕು, ಚಹಾ ಬೇಡದವನು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದರು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಕಂಪ್ಯೂಟರ್ ಈಗ ದಿನವೂ ಕೇಳುತ್ತದೆ. ಜನ್ಮದಲ್ಲಿ ಯಾವ ಹೊಸ ಆವೃತ್ತಿಯನ್ನೂ ಒಂದು ಗಂಟೆ ಕಾಯಿಸದ ಕ್ಲಾರೆನ್ಸ್, ದಿನವೂ ಬೇಡವೆಂದು ಒತ್ತುತ್ತಾನೆ.

ರಿಯಾಯಿತಿಯನ್ನು ಮಾತ್ರ ಶನಿವಾರ ಸಂಜೆಯೇ ಬಳಸಿದ. ಹತ್ತನೆಯ ಪಿಯಾನೋ ಬಂತು.