ಕನ್ನಡ ಅರ್ಜಿ ಓದಿದ ಪೇಶ್ಕಾರರು

ಅವರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಬೋಳು ಬೆರಳನ್ನು ನಾಲಿಗೆಗೆ ತಾಕಿಸಿ ಹಾಳೆ ತಿರುವುವಾಗ ಲಿಂಗಸೂಗೂರಿನ ತಹಶೀಲ್ ಕಚೇರಿಯಲ್ಲಿ ಎಲ್ಲರ ಕಣ್ಣೂ ಅಲ್ಲೇ. ಈಗ ಯಾರ ಕಾಗದ ಬರುತ್ತದೋ! ತಹಶೀಲ್ದಾರರ ಮುಂದೆ ಅರ್ಜಿಗಳನ್ನಿಡುವ ಪೇಶ್ಕಾರರು ಅವರು. ನಿಜಾಮರ ಉರ್ದು ದಫ್ತರದಲ್ಲೇ ತಲೆ ನರೆದಿತ್ತು.

ನಾನು ಮಸ್ಕಿಯ ಹತ್ತಿರ ಒಬ್ಬ ಸಾಹುಕಾರರ ಹೊಲವನ್ನು ಅಪ್ಪನ ಕಾಲದಿಂದ ಗೇಣಿ ಕೊಟ್ಟು ಕೌಲಿಗೆ ಉಳುತ್ತಿದ್ದೆ. ನಿಜಾಮರ ಆಳ್ವಿಕೆ ಮುಗಿದು, ಉಳುವವನನ್ನು ಮನಬಂದಂತೆ ಬಿಡಿಸಬಾರದೆಂಬ ಹೊಸ ಕಾಯ್ದೆ ಬಂದಿತ್ತು. ತುಂಗಭದ್ರೆಯ ಕಾಲುವೆಗಾಗಿ ಅಳತೆಯವರು ನಮ್ಮ ಸೀಮೆಯಲ್ಲಿ ಸರಪಳಿ ಎಳೆಯುತ್ತಿದ್ದರು. ನೀರು ಬರುವ ಮೊದಲೇ ನನ್ನನ್ನು ಬಿಡಿಸುವ ಅವಸರ ಸಾಹುಕಾರರಿಗೆ. ಹೊಸ ಕಾಯ್ದೆಯಂತೆ ಹೆಸರು ಬರೆಸುವ ಅರ್ಜಿ ಎಂದು ಹೇಳಿ ಅವರ ಗುಮಾಸ್ತ ಒಂದು ಉರ್ದು ಕಾಗದಕ್ಕೆ ನನ್ನ ಸಹಿ ಹಾಕಿಸಿ, ನನ್ನ ಕೈಯಲ್ಲೇ ಕಚೇರಿಗೆ ಕಳಿಸಿದ.

ಪೇಶ್ಕಾರರು ಅದನ್ನು ಓದಿ ಕನ್ನಡಕ ತೆಗೆದರು.

"ಇದರಾಗ ಏನ್ ಬರದೈತಿ, ಗೊತ್ತೈತೇನ್ ನಿನಗ?"

"ನನ್ನ ಹೆಸರು ಬರಕೋರಿ ಅಂತ ಐತಂತ್ರಿ, ಸಾಹೇಬ್ರ."

"ಖುಷಿಲೆ ಹೊಲ ಬಿಟ್ಟೀನಿ ಅಂತ ಐತಿ."

ಅವರು ಕಾಗದವನ್ನು ನನ್ನ ಕೈಗೇ ತಿರುಗಿ ಕೊಟ್ಟರು. "ಇದನ್ನ ನಾ ತಗೊಂಡೇ ಇಲ್ಲ, ತಿಳೀತೇನ್? ನಿನಗ ಯಾವ ಅಕ್ಷರ ಬರ್ತಾವ?"

"ಮಠದಾಗ ಕನ್ನಡ ಕಲ್ತೀನ್ರಿ."

"ಹಂಗಾರ ಕನ್ನಡದಾಗ ಬರಿ. ತನಗ ಓದಾಕ ಬರಲಾರದ ಕಾಗದಕ್ಕ ಯಾರೂ ಸಹಿ ಹಾಕಬಾರದು."

ಕಚೇರಿಗೆ ಬಂದ ಎಲ್ಲರಿಗೂ ಅವರು ಹೇಳುತ್ತಿದ್ದ ಮಾತಿದು. ಉರ್ದು ಕಾಗದವನ್ನು ಹರಿದುಹಾಕಿ, ಕಟ್ಟೆಯ ಮೇಲೆ ಕೂತು ಎರಡು ಪುಟದ ಕನ್ನಡ ಅರ್ಜಿ ಬರೆದು ಅವರ ಕೈಗೆ ಕೊಟ್ಟೆ.

ಕೆಲವು ತಿಂಗಳ ಮೇಲೆ ವಿಚಾರಣೆ ನಡೆದದ್ದು ಮಸ್ಕಿಯ ಚಾವಡಿಯಲ್ಲಿ. ಸುತ್ತಲ ಹಳ್ಳಿಯ ಕೌಲುದಾರರೆಲ್ಲ ಸೇರಿದ್ದರು. ನಾನು ಗೆದ್ದರೆ ತಾವೂ ಗೆದ್ದಂತೆ. ಸಾಹುಕಾರರ ವಕೀಲರು ಎದ್ದು ನಿಂತು, "ಕನ್ನಡ ಅರ್ಜಿ ನಡಿಯಂಗಿಲ್ರಿ. ಪೇಶ್ಕಾರ್ ಸಾಹೇಬ್ರಿಗೇ ಓದಾಕ ಬರಂಗಿಲ್ಲ!" ಎಂದರು. ತಹಶೀಲ್ದಾರರು ಪೇಶ್ಕಾರರತ್ತ ನೋಡಿದರು.

ಅವರು ಎದ್ದರು. ಅರ್ಜಿ ಹಿಡಿದರು. "ನಾ... ನು... ನಾನು!" ಎಂದು ಓದತೊಡಗಿದರು! ತಿಂಗಳುಗಟ್ಟಲೆ ದಿನಾ ಮುಂಜಾನೆ ಶಾಲೆಯ ಮಾಸ್ತರರ ಬಳಿ ಒಂದನೇ ಇಯತ್ತೆಯ ಪುಸ್ತಕ ಹಿಡಿದು ಕೂಡುತ್ತಿದ್ದರಂತೆ, ಆ ವಯಸ್ಸಿನಲ್ಲಿ. ಒತ್ತಕ್ಷರ ಬಂದಲ್ಲಿ ತಡವರಿಸಿದರು. "ಒಕ... ಒಕ..." ಗುಂಪಿನಿಂದ ಯಾರೋ ಕೂಗಿದರು, "ಒಕ್ಕಲುತನರಿ!" "ಹಾಂ, ಒಕ್ಕಲುತನ!" ಎಂದು ಅವರೂ ನಕ್ಕರು. ಇಡೀ ಚಾವಡಿ ನಕ್ಕಿತು. ಎರಡು ಪುಟವನ್ನೂ ಬಿಡದೆ ಓದಿ, ಪಹಣಿ ಬಿಚ್ಚಿ, ಉಳುವವರ ಸಾಲಿನಲ್ಲಿ ಅಪ್ಪನ ಹೆಸರು, ಆಮೇಲೆ ನನ್ನ ಹೆಸರು ತೋರಿಸಿದರು. ನನ್ನನ್ನು ಹೊಲದಿಂದ ಬಿಡಿಸಬಾರದೆಂದು ಬರೆದು ತಹಶೀಲ್ದಾರರು ಸಹಿ ಹಾಕಿದಾಗ ಎದ್ದ ಕೂಗಿಗೆ ಕಟ್ಟಿದ್ದ ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ಮರುದಿನ ಲಿಂಗಸೂಗೂರಿನ ಬಸ್ಸಿನ ತುಂಬ ಕನ್ನಡ ಅರ್ಜಿ ಹಿಡಿದವರೇ!

ನಮ್ಮ ಜಿಲ್ಲೆ ಕನ್ನಡ ನಾಡಿಗೆ ಸೇರಿದ ವರ್ಷ ಅವರು ತೀರಿಕೊಂಡರು. ಸುದ್ದಿ ಕೇಳಿ ಓಡಿದೆ. ಖಬರಸ್ತಾನದಲ್ಲಿ ಅವರ ಮಗ ನನ್ನನ್ನು ಗುರುತಿಸಿ, "ಬರ್ರಿ, ನೀವೂ ಮಣ್ಣು ಕೊಡ್ರಿ" ಎಂದು ಪಕ್ಕಕ್ಕೆ ಸರಿದ. ನನ್ನ ಹೊಲವನ್ನು ನನಗೆ ಉಳಿಸಿಕೊಟ್ಟವರಿಗೆ ನಾನು ಕೊಡಲಾದದ್ದು ಮೂರು ಹಿಡಿ ಮಣ್ಣು.