ಗ್ರಹಣದ ದಿನ ಹೊಲಿದ ಕೌದಿ

ಮರಾಠಿ ನಾಡಿನ ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ನನ್ನ ಪಾಠವನ್ನು ಮೊದಲು ಕೇಳುತ್ತಿದ್ದವರು ನಮ್ಮತ್ತೆ. ಶಾಲೆಯ ಮಕ್ಕಳ ಮನೆಮಾತು ಒಂದು, ಓಣಿಯ ಮಾತು ಇನ್ನೊಂದು. ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುತ್ತಿತ್ತು. ಪುಸ್ತಕದ ‘ಆನುವಂಶಿಕತೆ’, ‘ನೈಸರ್ಗಿಕ ಆಯ್ಕೆ’ಗಳೆಲ್ಲ ಅವರಿಗೆ ಕಬ್ಬಿಣದ ಕಡಲೆ. ಅದಕ್ಕೇ ಮಾರನೆಯ ದಿನದ ಪಾಠವನ್ನು ಸಂಜೆ ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಅತ್ತೆ ಜೋಳದ ಹಿಟ್ಟು ನಾದುತ್ತಾ ಕೇಳುತ್ತಿದ್ದರು. ಅವರಿಗೆ ತಿಳಿದರೆ ಮಕ್ಕಳಿಗೂ ತಿಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಜೀವವಿಕಾಸದ ಪಾಠ ಬಂದಾಗ ಮಾತ್ರ ಅದು ಬರಿಯ ಪಾಠವಾಗಿ ಉಳಿಯಲಿಲ್ಲ. ನನ್ನ ಗಂಡನ ಬಲಗೈಯ ನಡುಬೆರಳೂ ಉಂಗುರಬೆರಳೂ ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಅವರು ಅದನ್ನು ತಲೆಗೆ ಹಚ್ಚಿಕೊಂಡವರೇ ಅಲ್ಲ. ಆ ಕೈಯಲ್ಲೇ ಠಾಣೆ ಊರಿನ ಆಫೀಸಿನಲ್ಲಿ ಬರೆಯುತ್ತಿದ್ದರು, ಆ ಕೈಯಲ್ಲೇ ಲೋಕಲ್ ಗಾಡಿಯ ಹಿಡಿಕೆಗೆ ಜೋತುಬೀಳುತ್ತಿದ್ದರು. ಕೊರಗು ಇದ್ದದ್ದು ಅತ್ತೆಗೆ. ಮಗ ಹೊಟ್ಟೆಯಲ್ಲಿದ್ದಾಗ, ಗದಗಿನ ಕಡೆಯ ಊರಿನಲ್ಲಿ, ಗ್ರಹಣ ಹಿಡಿದದ್ದು ಗೊತ್ತಾಗದೆ ಅವರು ಕೌದಿ ಹೊಲಿಯುತ್ತ ಕೂತಿದ್ದರಂತೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಸೂಜಿ ಮುಟ್ಟಬಾರದು. ಹಳೆ ಸೀರೆಯ ತುಂಡುಗಳನ್ನು ಕೂಡಿಸಿದ ಹೊಲಿಗೆಯೇ ಮಗನ ಬೆರಳುಗಳನ್ನೂ ಕೂಡಿಸಿಬಿಟ್ಟಿತು ಎಂದು ಮನೆಮಂದಿಯೆಲ್ಲ ಅಂದರು, ಅತ್ತೆಯೂ ನಂಬಿದರು. ಮಗ ಊಟಕ್ಕೆ ಕೂತು ಅನ್ನ ಕಲಸುವಾಗ ಅತ್ತೆ ಬೇರೆ ಕಡೆ ನೋಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಮರುಕದ ಜೊತೆಗೆ ಸಿಟ್ಟೂ ಬರುತ್ತಿತ್ತು. ಈ ತಪ್ಪು ಹೊರೆಯನ್ನು ಅವರ ತಲೆಯಿಂದ ಇಳಿಸಲೇಬೇಕೆಂದು ನಾನು ಹಟ ಹಿಡಿದೆ.

ಪಾಠ ಜಿರಾಫೆಯಿಂದ ಶುರುವಾಗುತ್ತಿತ್ತು. ಹಿಂದಿನ ಪಂಡಿತನೊಬ್ಬ ಹೇಳಿದ್ದ: ಎತ್ತರದ ಎಲೆಗಾಗಿ ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು, ಆ ಉದ್ದ ಮರಿಗಳಿಗೂ ಬಂತು.

“ಖರೇ ಐತಿ,” ಅತ್ತೆ ತಟ್ಟನೆ ಒಪ್ಪಿದರು. “ತಾಯಿ ಮಾಡಿದ್ದು ಮಕ್ಕಳ ಮೈಗೆ ಬಂದ ಬರ್ತೈತಿ.”

“ಅದ ತಪ್ಪಂತ ಆಮ್ಯಾಲೆ ಗೊತ್ತಾತು, ಅತ್ತಿ. ಇನ್ನೊಬ್ಬಾಂವ ಇಲಿಗಳ ಬಾಲ ಕತ್ತರಿಸಿದ, ಅವುಗಳ ಮರಿಗಳದೂ ಕತ್ತರಿಸಿದ, ಮರಿಗಳ ಮರಿಗಳದೂ ಕತ್ತರಿಸಿದ. ಆದರೂ ಹುಟ್ಟಿದ ಮರಿಗೆಲ್ಲ ಬಾಲ ಇದ್ವು. ನಾವೂ ತಲೆತಲಾಂತರದಿಂದ ಕಿವಿ ಚುಚ್ಚಿಸ್ಕೋತೀವಲ್ಲ, ಒಂದು ಕೂಸಾದ್ರೂ ಕಿವಿಗೆ ತೂತು ಇಟ್ಕೊಂಡು ಹುಟ್ಟೇತೇನು?”

ಅವರು ನಾದುವುದನ್ನು ನಿಲ್ಲಿಸಿ ಯೋಚಿಸಿದರು. ಗೆದ್ದೆ ಅಂದುಕೊಂಡೆ. “ಕಿವಿ ಚುಚ್ಚೂದು ಮನುಷ್ಯಾರ ಕೆಲಸ. ಗ್ರಹಣ ಬ್ಯಾರೆ,” ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದರು.

ಮರುದಿನ ಹಡಗಿನಲ್ಲಿ ಲೋಕ ಸುತ್ತಿದ ಗಡ್ಡದ ವಿಜ್ಞಾನಿಯ ಸರದಿ. ಒಂದೇ ತಾಯಿಯ ಮಕ್ಕಳಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇದ್ದೇ ಇರುತ್ತವೆ. ಬದುಕಿಗೆ ಒದಗುವಂಥವು ಉಳಿದು ಬೆಳೆಯುತ್ತವೆ ಎಂದು ಅವನು ತೋರಿಸಿದ. ಆದರೆ ಆ ವ್ಯತ್ಯಾಸಗಳು ಎಲ್ಲಿಂದ ಬರುತ್ತವೆ, ಮಕ್ಕಳಿಗೆ ಹೇಗೆ ದಾಟುತ್ತವೆ ಎಂಬುದು ಅವನಿಗೂ ಬಗೆಹರಿಯಲಿಲ್ಲ. ಅದೇ ಕಾಲದಲ್ಲಿ ಮಠದ ತೋಟದಲ್ಲಿ ಬಟಾಣಿ ಬೆಳೆಯುತ್ತಿದ್ದ ಸನ್ಯಾಸಿಯೊಬ್ಬ ದಾಟುವ ಬಗೆಯನ್ನು ಕಂಡುಕೊಂಡಿದ್ದ, ಅವನ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಬ್ಬರ ಮಾತನ್ನು ಜೋಡಿಸಲು ಮುಂದಿನ ತಲೆಮಾರು ಬರಬೇಕಾಯಿತು. ಇದನ್ನೆಲ್ಲ ಹೇಳಿ ನಾನು ಚಾರ್ಟು ಬಿಡಿಸಿದೆ. ಮೀನು, ಕೋಳಿ, ಹಂದಿ, ಮನುಷ್ಯ, ಎಲ್ಲದರ ಭ್ರೂಣವೂ ಮೊದಮೊದಲು ಹೆಚ್ಚುಕಡಿಮೆ ಒಂದೇ ತರಹ. ಎಲ್ಲರೂ ಒಂದೇ ಹಳೆಯ ಮನೆತನದವರು ಎನ್ನುವುದಕ್ಕೆ ಅದೊಂದು ಸಾಕ್ಷಿ.

“ಹೊಟ್ಟ್ಯಾಗ ಕೂಸಿನ ಕೈ ಮೊದಲ ಹುಟ್ಟಿನ ಗತೆ ಇರ್ತೈತಿ,” ಎಂದೆ. ಹುಟ್ಟು ಎಂದರೆ ದೋಣಿ ನಡೆಸುವ ಹಲಗೆ. “ಎಲ್ಲಾರ ಬೆರಳೂ ಕೂಡೇ ಇರ್ತಾವ. ನಡುವಿನ ಚರ್ಮ ಕರಗಿ ಬಿಡಿ ಆಗ್ತಾವ. ಬಾತುಕೋಳಿಗೆ ಕರಗೂದಿಲ್ಲ. ನಿಮ್ಮ ಮಗಗ ಒಂದು ಕಡೆ ಕರಗಿಲ್ಲ, ಅಷ್ಟ. ಎರಡು ತಿಂಗಳಾಗೂದ್ರಾಗ ಇದೆಲ್ಲ ಮುಗಿದಿರ್ತೈತಿ. ಗ್ರಹಣ ಹಿಡಿದಾಗ ನಿಮಗ ಎಷ್ಟು ತಿಂಗಳು?”

“ಏಳು.”

“ಮತ್ತ?”

“ನಮ್ಮ ಮನಿತನದಾಗ, ನಿಮ್ಮ ಮಾವನ ಮನಿತನದಾಗ, ಯಾರಿಗೂ ಇಂಥಾ ಬೆರಳಿಲ್ಲ,” ಎಂದರು ಅತ್ತೆ. “ಹೊಲಿದಾಕಿ ನಾ ಒಬ್ಬಾಕಿ.” ಅದಕ್ಕೆ ನನ್ನ ಬಳಿ ಉತ್ತರವಿತ್ತು, ಹೊಸ ವ್ಯತ್ಯಾಸ ಯಾರ ಅಪ್ಪಣೆಯೂ ಇಲ್ಲದೆ ಹುಟ್ಟಿಕೊಳ್ಳಬಹುದು ಎಂದು. ಆದರೆ ಅವರ ಮುಖ ನೋಡಿ, ಅದನ್ನು ಹೇಳದೆ ಚಾರ್ಟು ಸುತ್ತಿಟ್ಟೆ.

ಎಂಬತ್ತರ ಸೂರ್ಯಗ್ರಹಣ ಬಂದಾಗ ನಾನೇ ಬಸುರಿ. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಪಕ್ಕದ ಕಲ್ಯಾಣದ ಕಡೆ ಹೋಗುವ ಲೋಕಲ್ ಗಾಡಿಗಳೂ ಖಾಲಿ ಓಡುತ್ತಿದ್ದವು. ಅತ್ತೆ ಕಿಟಕಿಗೆ ಚಾದರ ಕಟ್ಟಿ, ನನ್ನನ್ನು ಚಾಪೆಯ ಮೇಲೆ ಕೂಡಿಸಿ, ನಾನು ಅಪ್ಪಿತಪ್ಪಿಯೂ ಏನನ್ನೂ ಮುಟ್ಟಬಾರದೆಂದು ನನ್ನ ಎರಡೂ ಕೈ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಮಕ್ಕಳಿಗೆ ಅಷ್ಟೆಲ್ಲ ಪಾಠ ಹೇಳುವವಳು ನಾನು, ಕೈ ಕಟ್ಟಿಸಿಕೊಂಡು ಕೂತಿದ್ದೇನಲ್ಲ! ಕೊಸರಿಕೊಂಡು ಏಳಬೇಕು ಅನ್ನುವಷ್ಟರಲ್ಲಿ ಅವರು ಹಿಡಿತ ಇನ್ನೂ ಬಿಗಿ ಮಾಡಿ, “ನಿನಗ ನನ್ನ ಗತೆ ಆಗೂದು ಬ್ಯಾಡವ್ವಾ,” ಎಂದರು. ಸುಮ್ಮನೆ ಕೂತೆ. ಗ್ರಹಣ ಬಿಡುವವರೆಗೆ ಅವರು ನನ್ನ ಕೈ ಬಿಡಲಿಲ್ಲ.

ಹೆರಿಗೆ ಕಲ್ಯಾಣದ ಆಸ್ಪತ್ರೆಯಲ್ಲಾಯಿತು. ಹೆಣ್ಣುಮಗು. ನರ್ಸ್ ಬಟ್ಟೆ ಸರಿಸಿ ತೋರಿಸಿದಳು. ಬಲಗೈ, ನಡುಬೆರಳು, ಉಂಗುರಬೆರಳು, ಅಪ್ಪನದೇ ಅಚ್ಚು. ಅಪ್ಪನಿಂದ ಬರಬಹುದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ನನ್ನ ಕೂಸಿನ ಕೈ ಅದು. ನನಗೆ ಅಳು ಬಂದಾಗ ಪುಸ್ತಕದ ಒಂದಕ್ಷರವೂ ನೆನಪಾಗಲಿಲ್ಲ.

ಅತ್ತೆ ಬಂದರು. ಮಗುವಿನ ಮುಷ್ಟಿ ಬಿಡಿಸಿ ನೋಡಿದರು.

“ಅವತ್ತ ನೀ ಸೂಜಿ ಮುಟ್ಟಿಲ್ಲ.”

“ಇಲ್ಲ, ಅತ್ತಿ.”

“ನಾನ ನಿನ್ನ ಕೈ ಹಿಡ್ಕೊಂಡು ಕೂತಿದ್ನೆಲ್ಲ.”

“ಹೌದು.”

ಅವರು ಮಂಚದ ಅಂಚಿಗೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದರು. ಪಕ್ಕದ ಮಂಚದ ಮರಾಠಿ ಹೆಂಗಸು, ಹೆಣ್ಣಾಯಿತೆಂದು ಅಳುತ್ತಿದ್ದಾರೆ ಅಂದುಕೊಂಡು, “ರಡೂ ನಕಾ ಆಜಿ, ಮುಲ್ಗೀ ಮ್ಹಣಜೇ ಲಕ್ಷ್ಮೀ,” ಅಳಬೇಡಿ ಅಜ್ಜಿ, ಹೆಣ್ಣುಮಗಳೆಂದರೆ ಲಕ್ಷ್ಮಿ, ಎಂದು ಸಮಾಧಾನ ಹೇಳಿದಳು. ಅತ್ತೆ ಅದಲ್ಲ ಎಂಬಂತೆ ತಲೆಯಾಡಿಸಿ, ಕೂಸಿನ ಆ ಕೈಯನ್ನು ಕಣ್ಣಿಗೊತ್ತಿಕೊಂಡರು.

“ಹಂಗಾದ್ರ ನನ್ನ ಮಗನ ಕೈ ನಾ ಕೆಡಿಸಿಲ್ಲ,” ಎಂದರು. “ನಾ ಕೆಡಿಸಿಲ್ಲವ್ವಾ.”